ಬಾನುಲಿಯ ಗಡಿಯಾರವೂ ಅದರ ಬೆಂಬಲಕೋಶವೂ

ಭಾಷಾಬೋಧಕನಾದವನು ಯಂತ್ರವಿಷಯವನ್ನು ಕುರಿತು ಲೇಖನಿಯನ್ನೆತ್ತುವುದು ಅನಧಿಕಾರಪ್ರವೇಶವೆಂದು ವಾಚಕರಲ್ಲಿ ಕೆಲವರಿಗಾದರೂ ತೋರಬಹುದು. ಸಂಪುಟದ ಸಂಪಾದಕ ಮಂಡಲಿಯವರು ನನ್ನಿಂದ ನಿರೀಕ್ಷಿಸಿದ್ದು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಪ್ರಬಂಧವನ್ನು. ಆದರೆ ಹೆಬ್ಬೆರಳಿನ ತುದಿಗಿಂತ ತುಸುವೇ ಅಗಲವಾದ ಒಂದು ಲೋಹದ ಬಿಲ್ಲೆಯು, ತರ್ಕಶಾಸ್ತ್ರವನ್ನು ಗುರುಮುಖದಿಂದ ಓದಿದವನೆಂಬ ನನ್ನ ಅಭಿಮಾನವನ್ನು ಒಂದು ವಾರದೊಳಗೆ ಇಳಿಸಿದ್ದುಂಟು. ಆ ಬಿಲ್ಲೆಯನ್ನೇ ಈ ಸಲದ ಪಾಠವಸ್ತುವಾಗಿ ಆರಿಸಿಕೊಂಡಿದ್ದೇನೆ.

ನಮ್ಮ ಪ್ರಸಾದ ನಿಲಯದಲ್ಲಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಒಂದು ಬಾನುಲಿಯಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಟ್ರಾನ್ಸಿಸ್ಟರ್. ಹೊರದೇಶದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ಶ್ರೀಮಠಕ್ಕೆ ಅರ್ಪಿಸಿದ್ದರು. ಅದರಲ್ಲಿ ಕೇಂದ್ರವನ್ನು ಮುಳ್ಳಿನಿಂದ ಹುಡುಕಬೇಕಾಗಿಲ್ಲ. ಅಂಕಿಗಳನ್ನು ಒತ್ತಿದರೆ ಸಾಕು. ಬೇಕಾದ ಕೇಂದ್ರಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವ, ಹೊತ್ತನ್ನು ತೋರಿಸುವ, ಹೇಳಿದ ಹೊತ್ತಿಗೆ ಗಂಟೆ ಬಾರಿಸಿ ಎಬ್ಬಿಸುವ ಅನುಕೂಲಗಳೂ ಅದಕ್ಕಿವೆ. ನಿಲಯದಲ್ಲಿ ವಿದ್ಯಾರ್ಥಿಗಳಿಗೆ ಮೊಬೈಲ್ ನಿಷಿದ್ಧವಾದುದರಿಂದ ಬೆಳಗಿನ ನಾಲ್ಕೂವರೆಯ ಎಚ್ಚರಿಕೆಗೆ ಈ ಬಾನುಲಿಯೇ ಆಧಾರ. ಅದು ಕೂಗಿದೊಡನೆ ಸರದಿಯ ಹುಡುಗನು ಎದ್ದು ನಿಲಯದ ದೊಡ್ಡ ಗಂಟೆಯನ್ನು ಬಾರಿಸಬೇಕು. ಸ್ನಾನ, ಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆಗಳೆಲ್ಲ ಅದರ ಹಿಂದೆ ಸಾಗತಕ್ಕವು.

ಒಂದು ರಾತ್ರಿ ಧ್ವನಿ ಕ್ಷೀಣಿಸಿತೆಂದು ಸರದಿಯ ಹುಡುಗನು ಅದರ ಮೂರು ಶೆಲ್ಲುಗಳನ್ನು ತೆಗೆದು ಹೊಸವನ್ನು ಹಾಕಿ ಮಲಗಿದನು. ಮರುದಿನ ಬೆಳಗ್ಗೆ ಗಂಟೆ ಬಾರಿಸಲೇ ಇಲ್ಲ. ನಾವು ಕಣ್ತೆರೆದಾಗ ಮೂಡಣ ದಿಕ್ಕು ಬೆಳ್ಳಗಾಗಿತ್ತು. ಅಂದು ಭಾಷಣ ಸ್ಪರ್ಧೆಗಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗಿದ್ದ ಏಳು ಮಂದಿ ವಿದ್ಯಾರ್ಥಿಗಳಿಗೆ ಆರು ಗಂಟೆಯ ಬಸ್ಸು ತಪ್ಪಿತು. ಎರಡು ತಿಂಗಳು ಅವರನ್ನು ಸಿದ್ಧಗೊಳಿಸಿದವನು ನಾನು. ಬಾನುಲಿಯನ್ನು ನೋಡಿದರೆ ಗಡಿಯಾರವು ಎಂಟು ಗಂಟೆಯೆಂದು ತೋರಿಸುತ್ತಿದೆ. ಎಚ್ಚರಿಕೆಯ ಹೊತ್ತು ಅಳಿಸಿಹೋಗಿದೆ. ಧಾರವಾಡವೇ ಮೊದಲಾದ ಕೇಂದ್ರಗಳೂ ಮಾಯವಾಗಿವೆ.

"ಗಡಿಯಾರಕ್ಕ ಕೈ ಹಚ್ಚಿದ್ದೇನು?" ಎಂದು ಆ ಹುಡುಗನನ್ನು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಕೇಳಿದೆನು.

"ಇಲ್ರಿ ಗುರುಗಳ. ಹಳೇ ಶೆಲ್ ತಗದು ಹೊಸಾವು ಹಾಕೇನ್ರಿ, ಅಷ್ಟ."

ಆ ಮಾತನ್ನು ನಾನು ನಂಬಲಿಲ್ಲ. ನನ್ನ ವಾದಸರಣಿ ಹೀಗಿತ್ತು: ಕಳೆದ ಹಲವು ವರ್ಷಗಳಲ್ಲಿ ಎಷ್ಟೋ ಸಲ ಶೆಲ್ಲು ಬದಲಿಸಿದ್ದುಂಟು, ಒಮ್ಮೆಯೂ ಗಡಿಯಾರ ಕೆಟ್ಟಿಲ್ಲ, ಆದ್ದರಿಂದ ಶೆಲ್ಲು ಬದಲಿಸುವುದು ಗಡಿಯಾರದ ಕೇಡಿಗೆ ಕಾರಣವಲ್ಲ, ಆದ್ದರಿಂದ ಹುಡುಗನು ಬೇರೇನನ್ನೋ ಒತ್ತಿ ಈಗ ಸುಳ್ಳು ಹೇಳುತ್ತಿದ್ದಾನೆ. ನಾಲ್ಕು ಜನರ ಮುಂದೆ ಅವನನ್ನು ಗದರಿಸಿ ಸರದಿಯಿಂದ ತೆಗೆದುಹಾಕಿದೆನು. ಬಾನುಲಿಯೂ ಕೆಟ್ಟಿತೆಂದು ನಿರ್ಣಯವಾಗಿ ಕಪಾಟಿನ ಮೇಲೇರಿತು. ಅದಾದ ಆರನೆಯ ದಿನ ವಿಜ್ಞಾನದ ಅಧ್ಯಾಪಕರು ಅದನ್ನು ಇಳಿಸಿ, ಬೆನ್ನಿನ ಕೆಳಭಾಗದಲ್ಲಿದ್ದ ಇನ್ನೊಂದು ಪುಟ್ಟ ಮುಚ್ಚಳದ ತಿರುಪನ್ನು ಬಿಚ್ಚಿ, ಒಳಗಿನಿಂದ ಒಂದು ಬಿಲ್ಲೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಪಂಡಿತರ, ನಿಮ್ಮ ಟ್ರಾನ್ಸಿಸ್ಟರ್ ಕೆಟ್ಟಿಲ್ಲ. ಇದರ ಮರಿ ಶೆಲ್ ಸತ್ತೈತಿ, ನೋಡ್ರಿ" ಎಂದರು.

ತರ್ಕವನ್ನು ಬಲ್ಲವರಿಗೆ ನನ್ನ ತಪ್ಪು ಎಲ್ಲಿಯದೆಂದು ಈಗಾಗಲೇ ಹೊಳೆದಿರಬೇಕು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂಬ ವ್ಯಾಪ್ತಿಯು ಏಕೆ ನಿಲ್ಲುವುದಿಲ್ಲವೆಂಬುದಕ್ಕೆ ನೈಯಾಯಿಕರು ಹಸಿಯ ಸೌದೆಯನ್ನು ತೋರಿಸುತ್ತಾರೆ. ಹಸಿಯ ಸೌದೆಯಿದ್ದರೆ ಮಾತ್ರ ಹೊಗೆ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಕಾಣದೆ ನಿಂತು ವ್ಯಾಪ್ತಿಯನ್ನು ಕೆಡಿಸುವ ಇಂತಹ ನಿಬಂಧನೆಗೆ ಉಪಾಧಿಯೆಂದು ಹೆಸರು. ಶೆಲ್ಲು ಬದಲಿಸಿದರೂ ಗಡಿಯಾರ ನಿಲ್ಲದೆಂಬ ನನ್ನ ವ್ಯಾಪ್ತಿಗೂ ಇಂತಹ ಉಪಾಧಿಯೊಂದಿತ್ತು. ಮರಿ ಶೆಲ್ಲು ಜೀವಂತವಾಗಿರಬೇಕೆಂಬುದೇ ಅದು. ಹುಡುಗನು ಹೇಳಿದ್ದು ಅಕ್ಷರಶಃ ಸತ್ಯ. ಅವನು ಗಡಿಯಾರವನ್ನು ಮುಟ್ಟಿರಲಿಲ್ಲ. ಮರುದಿನ ಅದೇ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಅದನ್ನು ಹೇಳಿ ಸರದಿಯನ್ನು ಅವನಿಗೆ ಮರಳಿ ಒಪ್ಪಿಸಿದೆನು. ಹೋದ ಬಸ್ಸು ಮಾತ್ರ ಹೋಯಿತು.

ಇನ್ನು ವಿಷಯಕ್ಕೆ ಬರೋಣ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು 1950ನೆಯ ಇಸವಿಯ ಜನವರಿ 8ರಂದು ಆರಂಭವಾಯಿತು. ಆ ಕಾಲದ ಬಾನುಲಿಗಳಿಗೂ, ಅನಂತರ ಹಳ್ಳಿಹಳ್ಳಿಗೆ ಬಂದ ಮುಳ್ಳಿನ ಟ್ರಾನ್ಸಿಸ್ಟರುಗಳಿಗೂ ಇಂತಹ ಮರಿ ಶೆಲ್ಲಿನ ಅಗತ್ಯವೇ ಇರಲಿಲ್ಲ. ತಿರುಗುಗುಂಡಿಯನ್ನು ಧಾರವಾಡದ ಮೇಲೆ ನಿಲ್ಲಿಸಿದರೆ ಶೆಲ್ಲು ತೆಗೆದರೂ, ಯಂತ್ರವು ವರ್ಷಗಟ್ಟಲೆ ಅಟ್ಟದ ಮೇಲಿದ್ದರೂ, ಮುಳ್ಳು ಧಾರವಾಡದ ಮೇಲೆಯೇ ಇರುತ್ತಿತ್ತು. ಮುಳ್ಳಿನ ನೆಲೆಯೇ ಅದರ ನೆನಪು. ಅಂಕಿಗಳಿಂದ ಕೇಂದ್ರವನ್ನು ಹಿಡಿಯುವ ಯಂತ್ರಗಳು ಬಂದಮೇಲೆ ನೆನಪೆಂಬುದು ವಿದ್ಯುತ್ತಿನ ಅಧೀನವಾಯಿತು. ಜೊತೆಯಲ್ಲಿ ಮರೆವೂ ಬಂದಿತು.

ಗಡಿಯಾರದ ಸಂಗತಿ ಇನ್ನೂ ಸೂಕ್ಷ್ಮವಾದುದು. ಬಾನುಲಿಯೊಳಗಿನ ಗಡಿಯಾರಕ್ಕೆ ಹಲ್ಲಿನ ಚಕ್ರವಿಲ್ಲ, ಲೋಲಕವಿಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ಕರಂಡಕವೊಂದರಲ್ಲಿ, ಎರಡು ಕವಲುಳ್ಳ ಚಿಮಟದಂತೆ ಕತ್ತರಿಸಿದ ಸ್ಫಟಿಕದ ತುಣುಕಿರುತ್ತದೆ. ಸ್ಫಟಿಕಲಿಂಗವನ್ನು ಬಲ್ಲ ನಮಗೆ ಸ್ಫಟಿಕವು ಹೊಸದಲ್ಲ. ಆದರೆ ಅದನ್ನು ಒತ್ತಿದರೆ ವಿದ್ಯುತ್ತು ತೋರುವುದೆಂಬುದನ್ನು ಫ್ರಾನ್ಸಿನ ಕ್ಯೂರಿ ಸೋದರರಾದ ಪಿಯರ್ ಮತ್ತು ಜಾಕ್ ಎಂಬವರು 1880ರಲ್ಲಿ ಕಂಡುಕೊಂಡರು. ವಿದ್ಯುತ್ತನ್ನು ಹಾಯಿಸಿದರೆ ಸ್ಫಟಿಕವು ಮಿಡಿಯುವುದೆಂಬುದು ಅದರ ಮರುಮುಖ. ಈ ಮಿಡಿತದಿಂದ ಕಾಲವನ್ನು ಅಳೆಯುವ ಗಡಿಯಾರವನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1927ರಲ್ಲಿ ಮಾಡಿದರು. ಈಗಿನ ಸಣ್ಣ ಗಡಿಯಾರಗಳ ಸ್ಫಟಿಕವು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಈ ಸಂಖ್ಯೆಯನ್ನು ಕಂಡು ಇದೇನು ವಿಚಿತ್ರವೆನ್ನುವ ವಿದ್ಯಾರ್ಥಿಯು ಅದನ್ನು ಅರ್ಧ ಮಾಡುತ್ತ ಹೋಗಲಿ: 16,384, 8,192, 4,096, ಹೀಗೆ ಹದಿನೈದನೆಯ ಸಲ ಅರ್ಧ ಮಾಡಿದಾಗ ಉಳಿಯುವುದು 1. ಆ ಒಂದು ಮಿಡಿತವೇ ಒಂದು ಸೆಕೆಂಡು. ಯಂತ್ರವು ಅರವತ್ತು ಸೆಕೆಂಡನ್ನು ಕೂಡಿಸಿ ನಿಮಿಷವೆನ್ನುತ್ತದೆ, ಅರವತ್ತು ನಿಮಿಷವನ್ನು ಕೂಡಿಸಿ ಗಂಟೆಯೆನ್ನುತ್ತದೆ. ನಮ್ಮ ಹಿರಿಯರು ತಳದಲ್ಲಿ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆಯೆಂದೂ, ಅಂತಹ ಅರವತ್ತು ಗಳಿಗೆಗಳಿಗೆ ಒಂದು ದಿನವೆಂದೂ ಎಣಿಸುತ್ತಿದ್ದುದು ತತ್ತ್ವದಲ್ಲಿ ಇದೇ. ಅಲ್ಲಿ ಬಟ್ಟಲನ್ನು ಮತ್ತೆ ತೇಲಿಬಿಡುವ ಗಳಿಗೆಯವನು ತೂಕಡಿಸಬಾರದು. ಇಲ್ಲಿ ವಿದ್ಯುತ್ತು ತೂಕಡಿಸಬಾರದು.

ಕೇಂದ್ರಗಳ ನೆನಪಿಗೂ ಹೊತ್ತಿನ ಎಣಿಕೆಗೂ ಇಲ್ಲಿ ಒಂದು ಭೇದವಿದೆ. ಇತ್ತೀಚಿನ ಅನೇಕ ಬಾನುಲಿಗಳು ಕೇಂದ್ರಗಳ ಅಂಕಿಗಳನ್ನು ವಿದ್ಯುತ್ತಿಲ್ಲದೆಯೂ ಉಳಿಯುವ ಬಗೆಯ ನೆನಪಿನಲ್ಲಿ ಬರೆದಿಡುತ್ತವೆ. ಅದು ಕಲ್ಲಿನ ಶಾಸನದಂತೆ. ಕಂಡರಿಸಿದವನು ಎದ್ದುಹೋದರೂ ಅಕ್ಷರ ಉಳಿಯುತ್ತದೆ. ಆದರೆ ಹೊತ್ತನ್ನು ಶಾಸನದಂತೆ ಕೆತ್ತಿಡಲಾಗದು. ಅದು ಜಪದ ಎಣಿಕೆಯಂತೆ. ಮಣಿಯನ್ನು ಸರಿಸುವ ಬೆರಳು ನಿಂತು, ಎಲ್ಲಿಗೆ ಬಂದಿದ್ದೆವೆಂಬುದು ತಪ್ಪಿದರೆ ಮೊದಲಿನಿಂದಲೇ ಆರಂಭಿಸಬೇಕು. ಆದ್ದರಿಂದಲೇ ಶೆಲ್ಲು ಬದಲಿಸಿದ ಬಾನುಲಿಯ ಗಡಿಯಾರವು ಕೆಟ್ಟು ನಿಲ್ಲುವುದಿಲ್ಲ. ಸೊನ್ನೆಯಿಂದ ಮತ್ತೆ ಎಣಿಸತೊಡಗುತ್ತದೆ. ನಮ್ಮ ಬಾನುಲಿ ತೋರಿಸಿದ ಎಂಟು ಗಂಟೆಯು ಸುಳ್ಳಲ್ಲ. ಹುಡುಗನು ರಾತ್ರಿ ಹತ್ತಕ್ಕೆ ಶೆಲ್ಲು ಹಾಕಿದ್ದನು. ನಾನು ಅದನ್ನು ನೋಡಿದ್ದು ಬೆಳಗಿನ ಆರಕ್ಕೆ. ಅವನ ನಿರಪರಾಧಕ್ಕೆ ಸಾಕ್ಷಿಯು ನನ್ನ ಕಣ್ಣೆದುರಿಗೇ ಅಂಕಿಗಳಲ್ಲಿ ಬರೆದಿತ್ತು. ಓದಲು ನಾನು ಅರಿಯದೆ ಹೋದೆನು.

ಮುಖ್ಯ ಶೆಲ್ಲುಗಳು ಇಲ್ಲದ ಆ ಒಂದೆರಡು ನಿಮಿಷಗಳಲ್ಲಿ ಎಣಿಕೆಯನ್ನು ನಡೆಸುವುದೇ ಮರಿ ಶೆಲ್ಲಿನ ಕಾಯಕ. ಶ್ರೀಮಠದ ಗದ್ದುಗೆಯಲ್ಲಿ ನಂದಾದೀಪವನ್ನು ತೊಳೆದು ಬತ್ತಿ ಬದಲಿಸುವಾಗ, ಮೊದಲು ಅದರ ಜ್ಯೋತಿಯನ್ನು ಒಂದು ಪುಟ್ಟ ಹಣತೆಗೆ ಹಚ್ಚಿಕೊಂಡು, ಅನಂತರ ಆ ಹಣತೆಯಿಂದಲೇ ದೊಡ್ಡ ದೀಪವನ್ನು ಬೆಳಗುವುದನ್ನು ನಾವು ಕಂಡಿದ್ದೇವೆ. ಯಂತ್ರದಲ್ಲಿ ಈ ಹಸ್ತಾಂತರವು ಮನುಷ್ಯನ ಕೈಯಿಲ್ಲದೆ ನಡೆಯುತ್ತದೆ. ಡಯೋಡ್ ಎಂಬ ಸಣ್ಣ ಉಪಕರಣವು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಕವಾಟದಂತಿದೆ. ಸಾಮಾನ್ಯ ಏರ್ಪಾಡಿನಲ್ಲಿ ಮುಖ್ಯ ಶೆಲ್ಲುಗಳಿಗೆ ಒಂದು, ಮರಿ ಶೆಲ್ಲಿಗೆ ಒಂದು ಕವಾಟವನ್ನಿಟ್ಟಿರುತ್ತಾರೆ. ಯಾವ ಕಡೆಯ ಒತ್ತಡ ಹೆಚ್ಚೋ ಆ ಕವಾಟ ತೆರೆಯುತ್ತದೆ, ಇನ್ನೊಂದು ತಾನಾಗಿ ಮುಚ್ಚುತ್ತದೆ. ನಮ್ಮ ಯಂತ್ರದಲ್ಲಿ ಮುಖ್ಯ ಶೆಲ್ಲು ಮೂರು. ಒಂದೊಂದಕ್ಕೆ ಒಂದೂವರೆ ವೋಲ್ಟಿನಂತೆ ನಾಲ್ಕೂವರೆ ವೋಲ್ಟು. ಬಿಲ್ಲೆಯದು ಮೂರು ವೋಲ್ಟು. ಆದ್ದರಿಂದ ದೊಡ್ಡವು ಇರುವವರೆಗೆ ಬಿಲ್ಲೆಯು ಸುಮ್ಮನಿರುತ್ತದೆ.

ಎಲ್ಲ ಯಂತ್ರಗಳೂ ಹೀಗೆಯೇ ಇರುವುದಿಲ್ಲ. 1985ರಲ್ಲಿ ಹೊರಬಂದ ಸೋನಿ ಸಂಸ್ಥೆಯ ಐಸಿಎಫ್-2010 ಎಂಬ ಹೆಸರಾದ ಬಾನುಲಿಯಲ್ಲಿ ಧ್ವನಿಗಾಗಿ ಮೂರು ದಪ್ಪ ಶೆಲ್ಲುಗಳೂ, ಗಡಿಯಾರ ಮತ್ತು ನೆನಪಿಗಾಗಿ ಎರಡು ಸಣ್ಣ ಶೆಲ್ಲುಗಳೂ ಇದ್ದವು. ಆ ಎರಡು ಸಣ್ಣವು ಸತ್ತರೆ ದಪ್ಪನೆಯವು ಎಷ್ಟು ಹೊಸದಾಗಿದ್ದರೂ ಯಂತ್ರವು ಬಾಯಿ ತೆರೆಯುತ್ತಿರಲಿಲ್ಲ. ಇನ್ನು ಕೆಲವರು ಶೆಲ್ಲಿನ ಬದಲು ವಿದ್ಯುತ್ತನ್ನು ಅಲ್ಪಕಾಲ ಹಿಡಿದಿಡುವ ಕೆಪಾಸಿಟರನ್ನು ಇಡುತ್ತಾರೆ. ಅದು ಶೆಲ್ಲು ಬದಲಿಸುವಷ್ಟು ಹೊತ್ತು ಮಾತ್ರ ಕಾಯುತ್ತದೆ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಮೇಜಿನ ಗಡಿಯಾರ-ಬಾನುಲಿಗಳಲ್ಲಿ ಒಂಬತ್ತು ವೋಲ್ಟಿನ ಚೌಕ ಶೆಲ್ಲನ್ನು ಹಾಕುವ ರೂಢಿಯುಂಟು. ಕರೆಂಟು ಹೋದಾಗ ಅದು ಕೆಲಸಕ್ಕೆ ಬರುತ್ತದೆ. ಆದರೆ ಆ ಬಗೆಯ ಅನೇಕ ಯಂತ್ರಗಳು ಕರೆಂಟಿದ್ದಾಗ ಅದರ ಸೆಕೆಂಡಿಗೆ ಐವತ್ತರ ಆವರ್ತವನ್ನೇ ಎಣಿಸಿ ಹೊತ್ತು ಹೇಳುವುದರಿಂದಲೂ, ಕರೆಂಟಿಲ್ಲದಾಗ ಅಷ್ಟು ನಿಖರವಲ್ಲದ ಬೇರೊಂದು ಮಿಡಿತವನ್ನು ನಂಬುವುದರಿಂದಲೂ, ದೀರ್ಘಕಾಲ ಕರೆಂಟು ಹೋದರೆ ಹೊತ್ತು ಹಿಂದುಮುಂದಾಗುವುದುಂಟು.

ಅಷ್ಟು ಸಣ್ಣ ಬಿಲ್ಲೆ ವರ್ಷಗಟ್ಟಲೆ ಬಾಳುವುದೆಂತು? ಗಣಿತವು ಸುಲಭವಾಗಿದೆ. ನಮ್ಮ ಯಂತ್ರದ ಬಿಲ್ಲೆಯ ಒಡಲಲ್ಲಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆ. ಎಂದರೆ 2,20,000 ಮೈಕ್ರೋಆಂಪಿಯರ್-ಗಂಟೆ. ಗಡಿಯಾರವು ಬಳಸುವುದು ಕೆಲವೇ ಮೈಕ್ರೋಆಂಪಿಯರು, ಐದೆಂದು ಹಿಡಿಯೋಣ. ಭಾಗಿಸಿದರೆ 44,000 ಗಂಟೆ, ಅಂದರೆ 1,833 ದಿನ; ಐದು ವರ್ಷ. ಅದೇ ಬಿಲ್ಲೆಗೆ 50 ಮಿಲಿಆಂಪಿಯರು ಬೇಡುವ ಧ್ವನಿಯ ಭಾರವನ್ನು ಹೊರಿಸಿದರೆ ಲೆಕ್ಕದ ಪ್ರಕಾರ ನಾಲ್ಕೂವರೆ ಗಂಟೆಯೂ ಬಾರದು. ವಸ್ತುತಃ ಅಷ್ಟನ್ನು ಹೊರುವ ಕಸುವೇ ಅದಕ್ಕಿಲ್ಲ. ಕಾಯುವ ಕೆಲಸಕ್ಕೂ ಹಾಡುವ ಕೆಲಸಕ್ಕೂ ಇರುವ ಅಂತರ ಅಷ್ಟು.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಇಲ್ಲಿಯಾದರೂ ನನಗೆ ಅಧಿಕಾರವುಂಟೆಂದು ಭಾವಿಸುತ್ತೇನೆ. ಇಂಗ್ಲಿಷಿನವರ ಬ್ಯಾಕಪ್ ಎಂಬ ಮಾತಿನಲ್ಲಿ ಬೆನ್ನಿನ ಅರ್ಥವಿದೆ. ನಮ್ಮಲ್ಲಿ ಬೆನ್ನು ಎಂಬುದರ ಮುಂದೆ ಬಲ ಸೇರಿ ಬೆಂಬಲವಾಗಿದೆ. ಕನ್ನಡದ ಬೆನ್ನಿಗೆ ಸಂಸ್ಕೃತದ ಬಲವನ್ನು ಹಚ್ಚಿದ್ದು ಅರಿಸಮಾಸವಲ್ಲವೆ ಎಂದು ಕೇಶಿರಾಜನ ಸೂತ್ರಗಳನ್ನು ಓದಿದ ವಿದ್ಯಾರ್ಥಿಗಳು ಕೇಳಿಯಾರು. ಕೇಳಲಿ, ಕೇಳಿದರೆ ಸಂತೋಷ. ಆದರೆ ಜನರ ನಾಲಗೆಯ ಮೇಲೆ ಇಷ್ಟು ಕಾಲ ನೆಲೆಸಿದ ಪದವನ್ನು ಇನ್ನು ಎಬ್ಬಿಸಿ ಕಳುಹಿಸಲಾಗದು. ಪಠ್ಯಪುಸ್ತಕಗಳು ಶೆಲ್ಲನ್ನು ವಿದ್ಯುತ್ಕೋಶವೆನ್ನುವುದರಿಂದ ನಾನು ತಲೆಬರಹದಲ್ಲಿ ಬೆಂಬಲಕೋಶವೆಂದು ಬರೆದಿದ್ದೇನೆ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಬಾನುಲಿ ಕೇಂದ್ರಕ್ಕೆ ಆಕಾಶವಾಣಿಯೆಂದು ಹೆಸರಾಗಿ, ಮುಂದೆ ಅದೇ ಹೆಸರು ಭಾರತಕ್ಕೆಲ್ಲ ಸಂದಿತು. ನನ್ನ ಪದಕ್ಕೆ ಅಂತಹ ಭಾಗ್ಯವನ್ನು ನಾನು ಬಯಸುವುದಿಲ್ಲ. ಅಧ್ಯಾಪಕರ ಬಾಯಿಂದ ಬಂದ ಮರಿ ಶೆಲ್ಲು ಎಂಬುದೇ ನಿಲಯದಲ್ಲಿ ರೂಢಿಯಾಗಿದೆ, ಅದು ನನ್ನದಕ್ಕಿಂತ ಚೆನ್ನಾಗಿಯೂ ಇದೆ.

ಬಿಲ್ಲೆಯ ಬೆನ್ನಿನ ಮೇಲೆ ಸಿಆರ್ 2032 ಎಂದು ಕೆತ್ತಿರುತ್ತದೆ. ಅಕ್ಷರಗಳಿಂದ ಸಂಖ್ಯೆಯನ್ನು ಸೂಚಿಸುವ ಕಟಪಯಾದಿ ಪದ್ಧತಿಯನ್ನು ಬಲ್ಲವರಿಗೆ ಈ ಸಂಕೇತವು ಬಿಡಿಸಲು ಕಷ್ಟವಲ್ಲ. ಸಿ ಎಂಬುದು ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಜೋಡಿಯನ್ನೂ, ಆರ್ ಎಂಬುದು ದುಂಡಗಿನ ಆಕಾರವನ್ನೂ ಹೇಳುತ್ತದೆ. 20 ಎಂಬುದು ಮಿಲಿಮೀಟರಿನಲ್ಲಿ ಅಡ್ಡಳತೆ. 32 ಎಂಬುದು ಮಿಲಿಮೀಟರಿನ ಹತ್ತನೆಯ ಒಂದಂಶದಲ್ಲಿ ದಪ್ಪ, ಎಂದರೆ 3.2. ಇದನ್ನು ಓದದೆ, ಒಂದೇ ಅಳತೆಯದೆಂದು ಬೇರೊಂದನ್ನು ಹಾಕುವುದು ಅಪಾಯ. ಎಂಎಲ್ 2032 ಎಂದು ಬರೆದ ಬಿಲ್ಲೆಯೂ ಅದೇ ಗಾತ್ರದ್ದು, ಆದರೆ ಅದು ಮತ್ತೆ ಮತ್ತೆ ತುಂಬಿಸಬಹುದಾದುದು. ಅದಿರಬೇಕಾದಲ್ಲಿ ಸಿಆರ್ ಹಾಕಿದರೆ ಯಂತ್ರವು ಅದಕ್ಕೆ ವಿದ್ಯುತ್ತನ್ನು ತುಂಬಲು ಹೋಗಿ, ತುಂಬಿಸಿಕೊಳ್ಳಲಾಗದ ಬಿಲ್ಲೆಯು ಉಬ್ಬಿ ಒಡೆಯಬಹುದು. ಬಿಲ್ಲೆಯನ್ನು ಬೆಸುಗೆ ಹಾಕಿ ಕೂಡಿಸಿದ್ದರೆ ರಿಪೇರಿಯವನಿಗೇ ಒಪ್ಪಿಸುವುದು ಲೇಸು. ಮುಖ್ಯ ಶೆಲ್ಲುಗಳು ಒಳಗಿರುವಾಗಲೇ ಮರಿ ಶೆಲ್ಲನ್ನು ಬದಲಿಸಬೇಕು. ಎರಡನ್ನೂ ಒಟ್ಟಿಗೆ ತೆಗೆದರೆ ಹಣತೆಯೂ ಆರಿತು, ನಂದಾದೀಪವೂ ಆರಿತು.

ಬಹುಕಾಲ ಬಳಸದೆ ಇಡುವ ಬಾನುಲಿಯಿಂದ ಮುಖ್ಯ ಶೆಲ್ಲುಗಳನ್ನು ತೆಗೆದಿಡುವುದು ಎಲ್ಲರೂ ಬಲ್ಲ ಮಾತು, ಪಾಲಿಸುವವರು ಕಡಿಮೆ. ಫ್ರಾನ್ಸಿನ ಲೆಕ್ಲಾಂಷೆ 1866ರಲ್ಲಿ ರಚಿಸಿದ ಕೋಶದ ಸಂತತಿಯಾದ ಅಗ್ಗದ ಶೆಲ್ಲಿನಲ್ಲಿ ಸತುವಿನ ಡಬ್ಬಿಯೇ ಒಂದು ಧ್ರುವ. ಬಳಸಿದಂತೆ ಡಬ್ಬಿಯೇ ಸವೆದು, ತೂತಾಗಿ, ಒಳಗಿನ ದ್ರವವು ಒಸರಿ ತಗಡಿನ ಹಿಡಿಗಳನ್ನು ತಿಂದುಹಾಕುತ್ತದೆ. ಆಲ್ಕಲೈನ್ ಶೆಲ್ಲು ಒಸರಿ ಬಿಳಿಯ ಹುಡಿ ಕಟ್ಟಿದ್ದರೆ, ನಿಂಬೆಯ ರಸದಲ್ಲಿ ಅದ್ದಿದ ಹತ್ತಿಯಿಂದ ಒರಸಿ ಚೆನ್ನಾಗಿ ಒಣಗಿಸಿದಲ್ಲಿ ಯಂತ್ರವು ಬಹುಮಟ್ಟಿಗೆ ಉಳಿಯುತ್ತದೆ. ಬರಿಗೈಯಿಂದ ಮುಟ್ಟಬಾರದು.

ಅಧ್ಯಾಪಕರೂ ಪಾಲಕರೂ ಮರೆಯಬಾರದ ಇನ್ನೊಂದು ಸಂಗತಿಯಿದೆ. ಸತ್ತಿತೆಂದು ನಾವು ತೆಗೆದು ಕಿಟಕಿಯ ಮೇಲಿಡುವ ಬಿಲ್ಲೆಯು ಪೂರ್ಣವಾಗಿ ಸತ್ತಿರುವುದಿಲ್ಲ. ಎಳೆಯ ಮಗುವು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಆ ಜಾಗದಲ್ಲಿ ಉಳಿದಿರುವ ವಿದ್ಯುತ್ತು ಹರಿದು ತೀಕ್ಷ್ಣವಾದ ಕ್ಷಾರವುಂಟಾಗಿ ಎರಡೇ ಗಂಟೆಗಳಲ್ಲಿ ಮಾಂಸವನ್ನು ಸುಡಬಲ್ಲದು. ನಾಣ್ಯ ನುಂಗಿದ್ದಾನೆ, ನಾಳೆ ತಾನಾಗಿ ಹೋಗುತ್ತದೆ ಎಂದು ಹಿರಿಯರು ಹೇಳುವ ಸಮಾಧಾನ ಇಲ್ಲಿ ಪ್ರಾಣಕ್ಕೆ ಎರವಾದೀತು. ವಾಂತಿ ಮಾಡಿಸಬಾರದು, ತಡಮಾಡದೆ ಕ್ಷಕಿರಣದ ಅನುಕೂಲವಿರುವ ಆಸ್ಪತ್ರೆಗೆ ಒಯ್ಯಬೇಕು, ನುಂಗಿದ್ದು ಬಿಲ್ಲೆ ಶೆಲ್ಲೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ತೆಗೆದ ಬಿಲ್ಲೆಯ ಎರಡು ಮುಖಗಳಿಗೂ ಅಂಟುಪಟ್ಟಿಯನ್ನು ಹಚ್ಚಿ, ಮಕ್ಕಳ ಕೈಗೆ ಎಟುಕದಂತೆ ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕುವ ಪದ್ಧತಿಯನ್ನು ನಮ್ಮ ವಿಜ್ಞಾನದ ಅಧ್ಯಾಪಕರು ಪ್ರಯೋಗಾಲಯದಲ್ಲಿ ಆರಂಭಿಸಿದ್ದಾರೆ. ಸ್ಪರ್ಶಿಸಿಕೊಂಡಿರುವ ಬಿಲ್ಲೆಗಳು ಕಾಯುವುದನ್ನೂ ಇದು ತಡೆಯುತ್ತದೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಶ್ರೀಮಠಕ್ಕೆ ಯಂತ್ರವನ್ನು ಅರ್ಪಿಸುವವರು ದಯಮಾಡಿ ಅದರ ಕೈಪಿಡಿಯನ್ನೂ ಜೊತೆಯಲ್ಲಿ ಕೊಡಬೇಕು. ನಮ್ಮ ಬಾನುಲಿಗೂ ಕೈಪಿಡಿಯಿತ್ತಂತೆ. ಅದು ಪೆಟ್ಟಿಗೆಯೊಡನೆ ಎಲ್ಲಿಯೋ ಹೋಯಿತು. ಇದ್ದಿದ್ದರೆ ಮರಿ ಶೆಲ್ಲಿನ ವಿಷಯವು ಅದರಲ್ಲಿ ಎರಡು ಸಾಲಿನಷ್ಟಾದರೂ ಇರುತ್ತಿತ್ತು.

ಈಗ ಆ ಪುಟ್ಟ ಮುಚ್ಚಳದ ಒಳಬದಿಯಲ್ಲಿ ಬೆರಳಗಲದ ಒಂದು ಚೀಟಿಯನ್ನು ಅಂಟಿಸಿದೆ. ಹೊಸ ಬಿಲ್ಲೆಯನ್ನು ಹಾಕಿದ ದಿನಾಂಕವೂ, ಅದರ ಕೆಳಗೆ ನಾಲ್ಕು ವರ್ಷಗಳ ಮುಂದಿನ ದಿನಾಂಕವೂ ಅದರಲ್ಲಿವೆ. ಬರೆದವನು ಆ ಹುಡುಗನೇ. ಐದು ವರ್ಷ ಬಾಳುವುದಕ್ಕೆ ನಾಲ್ಕೇ ಏಕೆ ಬರೆದೆಯೆಂದು ಕೇಳಿದ್ದಕ್ಕೆ, "ಒಂದ್ ವರ್ಷ ಮುಂಚೇನ ಬದಲಿ ಮಾಡಿದ್ರ ಯಾರೂ ಬೈಸ್ಕೊಳ್ಳೂದಿಲ್ರಿ" ಎಂದನು.